ಶಿಬಿರಕ್ಕೆ ಒಂದು ಟೇಪೂ ಬರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಈಗ ಉಚಿತ ಆರೋಗ್ಯ ಶಿಬಿರಗಳಿಗೇನೂ ಬರವಿಲ್ಲ. ಗಣಪತಿ ಪೆಂಡಾಲಿನಲ್ಲಿ ಶಿಬಿರ, ನಾಯಕರ ಹುಟ್ಟುಹಬ್ಬಕ್ಕೆ ಶಿಬಿರ. ಒಳ್ಳೆಯದೇ. ಬೆರಳಿಗೆ ಚುಚ್ಚಿ ಶುಗರ್ ನೋಡುತ್ತಾರೆ, ಬಿಪಿ ನೋಡುತ್ತಾರೆ, ತೂಕದ ಮಷೀನು ಹತ್ತಿಸುತ್ತಾರೆ, ಚೀಟಿ ಬರೆದು ಕಳಿಸುತ್ತಾರೆ. ಸಕ್ಕರೆ ಕಾಯಿಲೆಯ ಸುಳಿವು ಮೊದಲೇ ಕೊಡುವ ಹೊಟ್ಟೆಗೆ ಟೇಪು ಸುತ್ತಿದ್ದನ್ನು ಮಾತ್ರ ನಾನು ಹೋದ ಯಾವ ಶಿಬಿರದಲ್ಲೂ ಕಂಡಿಲ್ಲ. ನಾನು ಟೈಲರ್, ಹಾಗಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ.

ಪ್ಯಾಂಟಿನ ಸೈಜನ್ನು ನಂಬಬೇಡಿ. ನಲವತ್ತು ದಾಟಿದ ಗಂಡಸರು ‘ನಂದು 34, ಮದುವೆ ಆದಾಗಿಂದ ಅಷ್ಟೇ’ ಅನ್ನುತ್ತಾರೆ. ಸುಳ್ಳಲ್ಲ, ಪ್ಯಾಂಟು 34ರದ್ದೇ. ಆದರೆ ಅದು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ. ಅದೇ ಮನುಷ್ಯನ ಹೊಕ್ಕುಳ ಹತ್ತಿರ ಟೇಪು ಸುತ್ತಿದರೆ 38, 39 ಬರುತ್ತದೆ. ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುವವರೂ ಇದ್ದಾರೆ. ಅಂಥವರನ್ನು ನಾನು ಸುಮ್ನೆ ‘ಮಗಳ ಮದುವೆ ಯಾವಾಗ?’ ಅಂತ ಕೇಳುತ್ತೇನೆ. ಉತ್ತರ ಶುರುವಾಗುತ್ತಿದ್ದಂತೆ ಹೊಟ್ಟೆ ತಾನಾಗಿ ಹೊರಗೆ ಬರುತ್ತದೆ. ಹೆಂಗಸರ ಕಥೆ ಬೇರೆ. ಬ್ಲೌಸಿಗೆ ಎದೆ, ತೋಳು ನೋಡುತ್ತೇವೆ. ಹೊಟ್ಟೆಯ ಅಳತೆ ಯಾರಿಗೂ ಬೇಡ. ಲಂಗದ ಲಾಡಿಯನ್ನು ಎಷ್ಟು ಬೇಕಾದರೂ ಸಡಿಲ ಮಾಡಬಹುದು, ನೈಟಿಗಂತೂ ಕೇಳುವುದೇ ಬೇಡ.

ಹೊಟ್ಟೆಯ ಸುತ್ತಳತೆಗೆ ನಮ್ಮ ದೇಶದವರಿಗೆ ಹಾಕಿರುವ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಇಂಚಿನಲ್ಲಿ ಸುಮಾರು ಮೂವತ್ತೈದೂವರೆ, ಮೂವತ್ತೊಂದೂವರೆ. ಅಮೆರಿಕದ ಗಂಡಸರಿಗೆ 102ರ ತನಕ ಬಿಟ್ಟಿದ್ದಾರೆ. ನಮಗೇಕೆ ಈ ಬಿಗಿ ಅಂತ ನನ್ನ ಗಿರಾಕಿ ಡಾಕ್ಟರೊಬ್ಬರನ್ನು ಕೇಳಿದ್ದೆ. ಅವರು ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅವರ ವಿಷಯ ಹೇಳಿದರು. ಇಬ್ಬರೂ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿಸಿಕೊಂಡಿದ್ದರಂತೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಕೂಡ 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಲಂಡನ್ನಿನವರಿಗೆ ಶೇ 9.1, ನಮ್ಮ ಪುಣೆಯವರಿಗೆ ಶೇ 21.2! ತೂಕದ ಮಷೀನು ಇಬ್ಬರಿಗೂ ಒಂದೇ ಸರ್ಟಿಫಿಕೇಟ್ ಕೊಡುತ್ತಿತ್ತು, ಅಲ್ವಾ?

ತೊಡೆಯ ಚರ್ಮದಡಿ ಕೂರುವ ಕೊಬ್ಬು ಅಷ್ಟು ತೊಂದರೆ ಕೊಡುವುದಿಲ್ಲ. ಕರುಳಿನ ಸುತ್ತ, ಲಿವರಿನ ಒಳಗೆ ಸೇರಿಕೊಳ್ಳುವುದೇ ಕಾಟ. ಹೊಟ್ಟೆಯೊಳಗಿನ ಕೊಬ್ಬು ಕರಗಿ ಲಿವರಿಗೆ ಹೋಗುತ್ತಲೇ ಇರುತ್ತದೆ. ಲಿವರ್ ಅದನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಅದು ಏರಿದ ಹಾಗೆ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ಇನ್ಸುಲಿನ್ ಹೇಳಿದ್ದನ್ನು ಲಿವರ್ ಕೇಳದೆ ರಾತ್ರಿಯೆಲ್ಲ ಸಕ್ಕರೆ ತಯಾರಿಸುತ್ತದೆ. ಆದರೂ ಶುಗರ್ ತಕ್ಷಣ ಏರುವುದಿಲ್ಲ. ದೇಹ ಜಾಸ್ತಿ ಇನ್ಸುಲಿನ್ ಸುರಿಸಿ ವರ್ಷಗಟ್ಟಲೆ ಅದನ್ನು ಹಿಡಿದಿಟ್ಟಿರುತ್ತದೆ. ಶಿಬಿರದ ಬೆರಳು ಚುಚ್ಚುವ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗುವವರು ಇಂಥವರೇ. ಜನ ‘ನಾರ್ಮಲ್’ ಚೀಟಿ ಜೇಬಿಗಿಟ್ಟು, ಅದೇ ಖುಷಿಗೆ ಎರಡು ಬೆಣ್ಣೆ ದೋಸೆ ಹೊಡೆದು ಮನೆಗೆ ಹೋಗುತ್ತಾರೆ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ನಾನೂ ಆ ಹೊಸ್ತಿಲಲ್ಲೇ ಇದ್ದೆ. ತೂಕ 78 ಕಿಲೊ, ಹೊಟ್ಟೆ 39 ಇಂಚು. ಶಿಬಿರದ ಶುಗರ್ ನಾರ್ಮಲ್. ಡಾಕ್ಟರ್ ಮಾತಿಗೆ ಲ್ಯಾಬಿನಲ್ಲಿ ಪೂರ್ತಿ ಮಾಡಿಸಿದರೆ ಟ್ರೈಗ್ಲಿಸರೈಡ್ 262. ಅದು 150ರ ಒಳಗಿರಬೇಕು. ಎಚ್‌ಡಿಎಲ್ 36, ಗಂಡಸರಿಗೆ 40ಕ್ಕೆ ಕಮ್ಮಿ ಇರಬಾರದು. ಲಿವರಿಗೆ ಪೆಟ್ಟಾಗಿದ್ದರೆ ಏರುವ ಎಸ್‌ಜಿಪಿಟಿ 64, ಅದೂ ಜಾಸ್ತಿಯೇ. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 6.2. ಅದು 5.7ರಿಂದ 6.4ರ ಒಳಗಿದ್ದರೆ ಎಚ್ಚರಿಕೆ, 6.5 ಮುಟ್ಟಿದರೆ ಕಾಯಿಲೆ.

ಹೊಲಿಗೆ ಮಷೀನಿಗೆ ಮೋಟರ್ ಹಾಕಿಸಿದ ಮೇಲೆ ಕಾಲಿಗೂ ಕೆಲಸ ಇರಲಿಲ್ಲ ನೋಡಿ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆಯಲು ಶುರು ಮಾಡಿದೆ. ಟೀಗೆ ಸಕ್ಕರೆ ಬಿಟ್ಟೆ, ರಾತ್ರಿ ಅನ್ನ ಅರ್ಧ ಮಾಡಿದೆ. ಕಷ್ಟವಾಗಿದ್ದು ಸಂಜೆಯ ಮಂಡಕ್ಕಿ. ಮಿರ್ಚಿ ಬಿಟ್ಟು ಬರೀ ಮಂಡಕ್ಕಿ ತಿಂದರೆ ಏನಾಗುತ್ತೆ ಅನ್ನುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಕೈಯಲ್ಲಿ ಹಿಡಿದರೆ ಹಗುರ, ಆದರೆ ಅದೂ ಅಕ್ಕಿಯೇ ಅಲ್ವಾ? ಟ್ರೈಗ್ಲಿಸರೈಡ್ ಅಂದ ಕೂಡಲೇ ಜನ ಎಣ್ಣೆ, ಬೆಣ್ಣೆಯನ್ನು ಬೈಯುತ್ತಾರೆ. ಅನ್ನ, ಸಕ್ಕರೆ, ಕುಡಿತದಿಂದಲೂ ಅದು ಸಲೀಸಾಗಿ ಏರುತ್ತದೆ.

ಆರು ಕಿಲೊ ಇಳಿಯಿತು, ಹೊಟ್ಟೆ ಮೂರು ಇಂಚು. ಮೊದಲು ಬಗ್ಗಿದ್ದು ಟ್ರೈಗ್ಲಿಸರೈಡ್, 158ಕ್ಕೆ ಬಂತು. ಲಿವರಿನದ್ದೂ ಸರಿಹೋಯಿತು. ಎಚ್‌ಡಿಎಲ್ ಮಾತ್ರ ಏರುವ ಬದಲು 34ಕ್ಕೆ ಇಳಿದುಬಿಟ್ಟಿತು! ತೂಕ ಇಳಿಯುತ್ತಿರುವಾಗ ಹಾಗಾಗುವುದುಂಟು, ತೂಕ ಒಂದು ಕಡೆ ನಿಂತ ಮೇಲೆ ಏರುತ್ತದೆ ಅಂದರು ಡಾಕ್ಟರ್. ಹಾಗೇ ಆಯಿತು, ಈಗ 40. ಮೂರು ತಿಂಗಳ ಶುಗರ್ ನಿಧಾನಕ್ಕೆ 5.8ಕ್ಕೆ ಬಂತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಳೇ ಸಕ್ಕರೆಯ ಲೆಕ್ಕ ಅಷ್ಟು ದಿನ ಅದಕ್ಕೆ ಅಂಟಿಕೊಂಡಿರುತ್ತದೆ. ಹದಿನೈದು ದಿನಕ್ಕೊಮ್ಮೆ ಈ ಟೆಸ್ಟ್ ಮಾಡಿಸುವುದು ದುಡ್ಡು ದಂಡ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಮಾತ್ರ ಹೆಚ್ಚೇನೂ ಅಲ್ಲಾಡಲಿಲ್ಲ. ಅದಕ್ಕೆ ಮಾತ್ರೆ ನಡೆಯುತ್ತಿದೆ.

ಹಾಗಂತ ಅವಸರ ಬೇಡ. ಮದುವೆ ಸೂಟಿಗೆ ಅಳತೆ ಕೊಟ್ಟು ಹೋದ ಹುಡುಗನೊಬ್ಬ ಯಾವುದೋ ಪುಡಿ ನೀರಿಗೆ ಹಾಕಿಕೊಂಡು ಕುಡಿಯುತ್ತಾ ಉಪವಾಸ ಇದ್ದ. ಟ್ರಯಲ್‌ಗೆ ಬಂದಾಗ ಕೋಟು ಭುಜದಿಂದ ಜಾರುತ್ತಿತ್ತು. ಕಾಲಿನ ಹೆಬ್ಬೆರಳು ಕೆಂಪಗೆ ಊದಿ ಶೂ ಹಾಕಲಾಗದೆ ಚಪ್ಪಲಿ ಎಳೆದುಕೊಂಡು ಬಂದಿದ್ದ. ಉಪವಾಸದಿಂದ ರಕ್ತದಲ್ಲಿ ಯೂರಿಕ್ ಆಸಿಡ್ ಏರಿ ಕೀಲು ಊದಿತ್ತು. ತೀರಾ ಬೇಗ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು.

ನನಗೆ ನಿಜವಾಗಿ ಹೆದರಿಕೆ ಆಗುವುದು ಇನ್ನೊಂದು ಥರದ ಗಿರಾಕಿಗಳನ್ನು ಕಂಡರೆ. ‘ಏನೂ ಮಾಡಿಲ್ಲಣ್ಣ, ಪ್ಯಾಂಟು ತಾನೇ ಲೂಸಾಗಿದೆ, ಎರಡಿಂಚು ಹಿಡಿದುಕೊಡು’ ಅಂತ ನಗುತ್ತಾ ಬರುತ್ತಾರೆ. ಬಾಯಾರಿಕೆ ಜಾಸ್ತಿಯೇ, ರಾತ್ರಿ ಎಷ್ಟು ಸಲ ಎದ್ದೇಳುತ್ತೀರಿ ಅಂತ ಕೇಳುತ್ತೇನೆ. ಶುಗರ್ ಮಿತಿ ಮೀರಿದಾಗ ದೇಹ ಅದನ್ನು ಬಳಸಲಾಗದೆ ತನ್ನ ಕೊಬ್ಬು, ಮಾಂಸಖಂಡವನ್ನೇ ಕರಗಿಸುತ್ತದೆ. ಕ್ಷಯದಲ್ಲೂ ತೂಕ ಹೀಗೇ ಇಳಿಯುತ್ತದೆ. ಇಂಥವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ, ಪ್ಯಾಂಟು ಆಮೇಲೆ.

30 ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬಿಸಿಕೊಳ್ಳುವ ಸರ್ಕಾರದ ಫಾರಂನಲ್ಲಿ ಸೊಂಟದ ಸುತ್ತಳತೆಗೆ ಕಾಲಂ ಇದೆ. ಅದಕ್ಕೆ ಅಂಕವೂ ಉಂಟು. ಹಾಗಿದ್ದ ಮೇಲೆ ಶಿಬಿರದ ಚೀಟಿಯಲ್ಲಿ ಶುಗರ್ ಪಕ್ಕ ಒಂದು ಗೆರೆ ಜಾಸ್ತಿ ಹಾಕಲು ಏನು ಕಷ್ಟ? ಮಿತಿ ದಾಟಿದವರಿಗೆ ಶುಗರ್ ನಾರ್ಮಲ್ ಇದ್ದರೂ ‘ಟ್ರೈಗ್ಲಿಸರೈಡ್, ಮೂರು ತಿಂಗಳ ಶುಗರ್ ಮಾಡಿಸಿ’ ಅಂತ ಬರೆದುಕೊಡಲಿ. ಹಾರ, ಶಾಲು, ಫ್ಲೆಕ್ಸಿಗೆ ಆಗುವ ಖರ್ಚಿನ ಮುಂದೆ ಟೇಪಿನದ್ದೇನು ಮಹಾ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಬಟ್ಟೆ ಸರಿಸಿ ಹಿಡಿಯಬೇಕು. ಹೆಂಗಸರಿಗೆ ಹೆಂಗಸರೇ ಅಳೆಯಲಿ. ಹಿಡಿಯುವುದನ್ನು ತೋರಿಸಿಕೊಡಲು ಜನ ಬೇಕಿದ್ದರೆ ನಾನು ಬರುತ್ತೇನೆ, ನನ್ನ ಹೆಂಡತಿಯೂ ಬರುತ್ತಾಳೆ. ಭಾನುವಾರ ಅಂಗಡಿಗೆ ರಜೆ.

— ಒಬ್ಬ ಟೈಲರ್, ದಾವಣಗೆರೆ