ಮಸ್ಲಿನ್ ಎಂದು ಬರೆಯುವ ಮೊದಲು

ಪ್ರೀತಿಯ ತಮ್ಮ,

ನಿನ್ನ ಕತೆಯನ್ನು ಎರಡು ಸಲ ಓದಿದೆ. ಹೊಳೆದಂಡೆಯ ಮಂಜನ್ನು ಬರೆದಿರುವ ರೀತಿ ತುಂಬಾ ಹಿಡಿಸಿತು. ಆದರೆ ಒಂದು ಪದದ ಹತ್ತಿರ ನಿಂತುಬಿಟ್ಟೆ. ‘ಮಿರಮಿರ ಮಿಂಚುವ ಮಸ್ಲಿನ್ ಸೆರಗು’ ಅಂತ ಬರೆದಿದ್ದೀಯ. ತೆಳು ಬಟ್ಟೆಗೆ ಒಂದು ಚೆಂದದ ಹೆಸರು ಬೇಕಿತ್ತು, ಅಲ್ವಾ? ಈಗ ನಾವು ಮಸ್ಲಿನ್ ಅನ್ನುವುದು ಹತ್ತಿ ಬಟ್ಟೆಗೆ. ಅದು ಹಾಗೆ ಮಿಂಚುವುದಿಲ್ಲ. ನಿನ್ನ ಕಣ್ಣ ಮುಂದೆ ಇದ್ದದ್ದು ಬಹುಶಃ ಆರ್ಗಾಂಜಾ ಎಂಬ ತೆಳುವಾದ, ಹೊಳೆಯುವ ಬಟ್ಟೆ.

ಈ ಪದದೊಳಗೆ ಒಂದು ಊರಿದೆ: ಇರಾಕಿನ ಮೋಸುಲ್. ಊರಿನ ಹೆಸರು ಇಟಲಿ, ಫ್ರಾನ್ಸ್‌ಗಳ ನಾಲಿಗೆಯಲ್ಲಿ ಹಾದು ಇಂಗ್ಲಿಷಿಗೆ ಬಂತು, ಆಮೇಲೆ ನಮ್ಮಲ್ಲಿಗೆ. ಸೋಜಿಗ ಏನು ಗೊತ್ತಾ? 13ನೇ ಶತಮಾನದಲ್ಲಿ ಮಾರ್ಕೊ ಪೋಲೊ ಆ ಹೆಸರು ಹೇಳಿದ್ದು ರೇಷ್ಮೆ, ಚಿನ್ನದ ಎಳೆಗಳ ಬಟ್ಟೆಗೆ. ಅದು ಖಂಡಿತ ಮಿಂಚುತ್ತಿತ್ತು! ತೆಳು ಹತ್ತಿಬಟ್ಟೆ ಎಂಬ ಅರ್ಥ ಆಮೇಲೆ ಗಟ್ಟಿಯಾಯಿತು. ಅದನ್ನು ಜಗತ್ತೆಲ್ಲ ಮೆಚ್ಚುವಂತೆ ನೇಯ್ದವರು ಢಾಕಾದವರು. ಮೇಘನಾ ನದಿಯ ಸೀಮೆಯಲ್ಲಿ ಬೆಳೆದ ಹತ್ತಿ ಅದು. ಎಳೆ ತುಂಡಾಗದಿರಲಿ ಅಂತ ಗಾಳಿಯಲ್ಲಿ ತೇವ ಇರುವ ಬೆಳಗಿನ ಹೊತ್ತು ನೂಲುತ್ತಿದ್ದರು. ಅಲ್ಲಿನ ಒಂದೊಂದು ಬಗೆಗೂ ಒಂದೊಂದು ಹೆಸರು. ‘ಆಬ್‌ರವಾನ್’ ಅಂದರೆ ಹರಿಯುವ ನೀರು. ‘ಶಬ್ನಮ್’ ಅಂದರೆ ಇಬ್ಬನಿ. ಇಂಥ ಹೆಸರು ಕೇಳಿದಾಗಲೆಲ್ಲ ನನಗೆ ಬರೆಯುವ ಆಸೆ ಹುಟ್ಟುತ್ತದೆ. ಹೆಸರಿಟ್ಟವರು ಬಟ್ಟೆಯನ್ನು ಎಷ್ಟು ಹೊತ್ತು ನೋಡಿರಬೇಕು!

ಅಮೆರಿಕದಲ್ಲಿ ಇದೇ ಪದಕ್ಕೆ ಬೇರೆ ಅರ್ಥ. ಬಿಳುಪು ಮಾಡದ, ಅಗ್ಗದ ಹತ್ತಿಬಟ್ಟೆ. ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅದರಲ್ಲಿ ಹೊಲಿದು ಅಳತೆ ನೋಡುತ್ತಾರೆ.

ಇನ್ನೊಂದು ಮಾತು. ಕೊನೆಯ ಪುಟದಲ್ಲಿ, ಅಮ್ಮ ಕಿಟಕಿಗೆ ಹಿಡಿದು ನೋಡುವ ಹಳೆ ಸೀರೆಗೂ ನೀನು ಮಸ್ಲಿನ್ ಅಂದಿದ್ದೀಯ. ಅಲ್ಲಿ ನಮ್ಮದೇ ಪದ ಇದೆಯಲ್ಲ, ‘ಜಾಳು’. ಢಾಕಾದ ಬಟ್ಟೆ ತೆಳುವಾಗಿದ್ದದ್ದು ಎಳೆಯೇ ಅಷ್ಟು ಸಣ್ಣದಿದ್ದುದರಿಂದ. ಒಗೆದು ಒಗೆದು ಸವೆದ ಬಟ್ಟೆಯದು ಬೇರೆ ಕತೆ. ಅಲ್ಲಿ ಎಳೆ ಸವೆದು ನಡುವೆ ಸಂದು ಬಿಟ್ಟಿರುತ್ತದೆ. ಕಟ್ಟು ಸಡಿಲವಾದ ಬರಹವನ್ನೂ ಜಾಳಾಗಿದೆ ಅಂತೀವಲ್ಲ, ಅದೂ ಇದೇ ಸಂದು ಕಂಡು. ನಿನ್ನ ಕತೆಯ ಅಮ್ಮನ ಸೀರೆಯಲ್ಲಿ ಬೆಳಕು ಬರುವುದು ಆ ಸಂದುಗಳಿಂದಲೇ. ಅಷ್ಟು ವರ್ಷ ಉಟ್ಟ ಸೀರೆ ಅದು. ಮಸ್ಲಿನ್ ಅಂದಕೂಡಲೇ ಆ ವರ್ಷಗಳೆಲ್ಲ ಮರೆಯಾಗಿಬಿಡುತ್ತವೆ.

ಈ ಎರಡು ಜಾಗ ಇನ್ನೊಮ್ಮೆ ನೋಡು. ಮಂಜಿನ ಭಾಗ ಮಾತ್ರ ಮುಟ್ಟಬೇಡ. ತಿದ್ದಿದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ,
ಅಣ್ಣ