ನಗಿಸು ಅಂತ ಕೇಳದೆ ಜೊತೆಗಿದ್ದವರಿಗೆ

ಕಳೆದ ಶನಿವಾರ ಹನುಮಂತನಗರದಲ್ಲಿ ನನ್ನ ಮೊದಲ ಒಂದು ಗಂಟೆಯ ಕನ್ನಡ ಸ್ಟ್ಯಾಂಡಪ್ ಶೋ ನಡೆಯಿತು. ಮಳೆ ಇದ್ದರೂ ಬಂದವರಿಗೆ, ಕುರ್ಚಿ ಸಿಗದೆ ಹಿಂದೆ ನಿಂತೇ ನೋಡಿದವರಿಗೆ ತುಂಬಾ ಥ್ಯಾಂಕ್ಸ್. ಇನ್ನು ಕೆಲವರಿಗೆ ಎಲ್ಲರ ಎದುರಿಗೇ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷ ನಾನು ಬಹಳ ಕಾಲ ಸ್ಟೇಜ್ ಹತ್ತಲೇ ಇಲ್ಲ. ಆಫೀಸ್ ಕೆಲಸ ಜಾಸ್ತಿ ಇರಬೇಕು ಅಂದುಕೊಂಡವರೇ ಹೆಚ್ಚು. ನನಗೆ ಡಿಪ್ರೆಷನ್ ಆಗಿತ್ತು.

ಹಾಡುವವರಿಗೆ ಚಪ್ಪಾಳೆ ಬರುವುದು ಹಾಡು ಮುಗಿದ ಮೇಲೆ. ನಮಗೆ ಹಾಗಲ್ಲ. ಅರ್ಧ ನಿಮಿಷಕ್ಕೊಮ್ಮೆ ಜನ ಒಪ್ಪಿದರೋ ಇಲ್ಲವೋ ಗೊತ್ತಾಗುತ್ತಲೇ ಇರುತ್ತದೆ. ಪಂಚ್‌ಲೈನ್‌ಗೆ ನಗು ಬರದಿದ್ದರೆ ಮುಖದಲ್ಲಿ ತೋರಿಸುವ ಹಾಗಿಲ್ಲ. ‘ಅಯ್ಯೋ ಪಾಪ’ ಅನ್ನಿಸಿದರೆ ಮುಗಿಯಿತು, ಆಮೇಲೆ ಯಾರೂ ನಗುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿದ್ದರೂ ಆರಾಮಾಗಿ ಇರುವ ಹಾಗೆ ನಿಲ್ಲಬೇಕು. ಶೋ ಮುಗಿದ ಮೇಲೆ ಜನ ಮನೆಗೆ ಹೋಗಿ ಮಲಗುತ್ತಾರೆ. ನನಗೆ ರಾತ್ರಿ ಎರಡಾದರೂ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ ಸೆಟ್, ಅಂದರೆ ಅವತ್ತು ಸ್ಟೇಜ್ ಮೇಲೆ ಹೇಳಿದ್ದೆಲ್ಲವನ್ನೂ, ಮತ್ತೆ ಮತ್ತೆ ಕೇಳುತ್ತಿದ್ದೆ. ನಕ್ಕವರೆಲ್ಲ ಮರೆತುಹೋಗಿ, ಮೂರನೇ ಸಾಲಿನಲ್ಲಿ ಕೈಕಟ್ಟಿ ಕೂತಿದ್ದವರೊಬ್ಬರ ಮುಖ ಮಾತ್ರ ಕಣ್ಣ ಮುಂದೆ ಇರುತ್ತಿತ್ತು. ನಿದ್ದೆ ಹೋಯಿತು, ಊಟ ಬೇಡವಾಯಿತು. ಕೊನೆಗೆ ಹಾಲ್ ತುಂಬಾ ಜನ ನಕ್ಕರೂ ಒಳಗೆ ಏನೂ ಆಗುತ್ತಿರಲಿಲ್ಲ. ನಾನು ಹೆದರಿದ್ದು ಅದಕ್ಕೆ.

ನನ್ನ ಡಾಕ್ಟರ್‌ಗೆ ಮೊದಲ ನಮಸ್ಕಾರ. ಮೊದಲ ದಿನ ಅವರೆದುರು ಕೂತು ಒಂದಾದ ಮೇಲೊಂದು ತಮಾಷೆ ಮಾಡುತ್ತಲೇ ಇದ್ದೆ. ಅವರು ಪೆನ್ನು ಕೆಳಗಿಟ್ಟು, ‘ನನ್ನನ್ನ ನಗಿಸಬೇಕಾಗಿಲ್ಲಮ್ಮಾ’ ಅಂದರು. ಆಮೇಲೆ ಸುಮ್ಮನೆ ಕಾದರು. ನಾನು ಅತ್ತೆ. ಮಾತ್ರೆಯೂ ಬೇಕಾಯಿತು, ವಾರ ವಾರ ಕೂತು ಮಾತಾಡುವುದೂ ಬೇಕಾಯಿತು. ಅವರು ಹೇಳಿದ ಒಂದು ಮಾತನ್ನು ಈಗಲೂ ಪಾಲಿಸುತ್ತೇನೆ: ರೆಕಾರ್ಡಿಂಗನ್ನು ಅದೇ ರಾತ್ರಿ ಕೇಳುವಂತಿಲ್ಲ. ಮಾರನೇ ದಿನ, ತಿಂಡಿ ತಿಂದ ಮೇಲೆ ಕೇಳಬೇಕು. ರಾತ್ರಿ ಕಿವಿಗೇ ಬೀಳದ ನಗು ಬೆಳಗ್ಗೆ ಕೇಳಿಸುತ್ತದೆ, ನಂಬಿ.

ಚಿಕ್ಕಮ್ಮಾ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಮದುವೆ ಮನೆಯಲ್ಲಿ ನೆಂಟರೆಲ್ಲ ಸುತ್ತ ಸೇರಿ ‘ಎಲ್ಲಿ, ಒಂದು ಜೋಕ್ ಹೇಳೇ ನೋಡೋಣ’ ಅಂತಿದ್ದರು. ಅವರದ್ದೂ ಪ್ರೀತಿಯೇ. ಆದರೆ ನನ್ನ ಬಾಯಿ ಒಣಗಿತ್ತು. ನೀವು ದೂರದಿಂದಲೇ ನೋಡಿ, ‘ಬಾರೇ ಇಲ್ಲಿ, ಎಲೆ ಒರೆಸೋಕೆ ಯಾರೂ ಇಲ್ಲ’ ಅಂತ ಉಗ್ರಾಣಕ್ಕೆ ಕರೆದುಕೊಂಡು ಹೋದಿರಿ. ಒದ್ದೆ ಬಟ್ಟೆಯಲ್ಲಿ ಒಂದೊಂದೇ ವೀಳ್ಯದೆಲೆ ಒರೆಸಿ, ತೊಟ್ಟುಗಳು ಒಂದೇ ಕಡೆ ಬರುವ ಹಾಗೆ ಜೋಡಿಸಿ, ಅಡಿಕೆ, ತೆಂಗಿನಕಾಯಿ ಜೊತೆ ತಾಂಬೂಲದ ಚೀಲಕ್ಕೆ ಹಾಕುತ್ತಾ ಊಟದ ಹೊತ್ತಿನವರೆಗೂ ಕೂತಿದ್ದೆವು. ಏನಾಯ್ತು, ಯಾಕೆ ಹೀಗಿದೀಯ ಅಂತ ನೀವು ಕೇಳಲೇ ಇಲ್ಲ. ಎಷ್ಟೋ ದಿನದ ಮೇಲೆ ಮನಸ್ಸು ಹಗುರ ಆಗಿದ್ದು ಅವತ್ತು.

ಓಪನ್ ಮೈಕ್, ಅಂದರೆ ಹೊಸಬರೂ ಹತ್ತಿ ಕೆಲವು ನಿಮಿಷ ನಗಿಸಲು ನೋಡುವ ಶೋ, ನಡೆಸುವ ಗೆಳೆಯರೇ, ನಾನು ಬರುತ್ತೀನೋ ಇಲ್ಲವೋ ಗೊತ್ತಿಲ್ಲದಿದ್ದಾಗಲೂ ಲೈನಪ್‌ನಲ್ಲಿ ಐದು ನಿಮಿಷ ಖಾಲಿ ಬಿಟ್ಟಿರಿ. ‘ಹತ್ತೋದಾದ್ರೆ ಹತ್ತು, ಇಲ್ಲಾಂದ್ರೆ ಕಾಫಿ ಕುಡಿದು ಹೋಗು’ ಅಂದಿರಿ. ಎಷ್ಟೋ ಸಲ ಕಾಫಿ ಕುಡಿದೇ ಹೋದೆ. ಕೊನೆಗೆ ಹತ್ತಿದ ದಿನ, ಟೈಮ್ ಆಯ್ತು ಅಂತ ಹಿಂದಿನಿಂದ ಫೋನಿನ ಟಾರ್ಚ್ ತೋರಿಸಬೇಕಿದ್ದವನು ತೋರಿಸಲೇ ಇಲ್ಲ. ಮೆಟ್ರೋವರೆಗೂ ಜೊತೆಗೆ ನಡೆದು ಬಂದಿರಿ. ಸೆಟ್ ಬಿಟ್ಟು ಬೇರೆಲ್ಲ ಮಾತಾಡಿದಿರಿ. ಆ ಉಪಕಾರ ದೊಡ್ಡದು.

ಒಂದು ಮಾತು. ನಗಿಸುವವರೆಲ್ಲ ಒಳಗೊಳಗೇ ಅಳುತ್ತಿರುತ್ತಾರೆ ಅನ್ನುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಕೇಳೋಕೆ ಚೆನ್ನಾಗಿರುತ್ತದೆ, ಆದರೆ ಅದನ್ನು ನಂಬಿದವರು ಕಾಯಿಲೆಯನ್ನು ಕಲೆಯ ಭಾಗ ಅಂದುಕೊಂಡು ಡಾಕ್ಟರ್ ಹತ್ತಿರ ಹೋಗುವುದೇ ಇಲ್ಲ. ಕನ್ನಡದಲ್ಲಿ ನಗುವಿಗೂ ಮನಸ್ಸಿನ ಆರೈಕೆಗೂ ಹಳೇ ನಂಟಿದೆ. 1942ರಲ್ಲಿ ‘ಕೊರವಂಜಿ’ ಅನ್ನುವ ಹಾಸ್ಯ ಪತ್ರಿಕೆ ಶುರುಮಾಡಿ ಇಪ್ಪತ್ತೈದು ವರ್ಷ ನಾಡನ್ನು ನಗಿಸಿದ ರಾಶಿ, ಅಂದರೆ ಎಂ. ಶಿವರಾಂ, ವೃತ್ತಿಯಿಂದ ಡಾಕ್ಟರ್. 1976ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಗೆಬರಹಕ್ಕಲ್ಲ, ಮನಸ್ಸಿನ ಬಗ್ಗೆ ಬರೆದ ಪುಸ್ತಕಕ್ಕೆ. ಹುಷಾರಿಲ್ಲದ ದಿನಗಳಲ್ಲಿ ಇದು ಗೊತ್ತಾಗಿ ನನಗೆ ತುಂಬಾ ಧೈರ್ಯ ಬಂತು.

ಈಗ ತಾನೇ ಓಪನ್ ಮೈಕ್‌ಗೆ ಬರುತ್ತಿರುವ ಹುಡುಗ ಹುಡುಗಿಯರೇ, ವಾರಗಟ್ಟಲೆ ನಿದ್ದೆ ಬರದಿದ್ದರೆ, ನಗುವೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ತಿರ ಒಬ್ಬರೇ ಹೋಗೋಕೆ ಭಯ ಅಂದರೆ ನನಗೆ ಒಂದು ಮೆಸೇಜ್ ಹಾಕಿ. ಜೊತೆಗೆ ಬಂದು ಹೊರಗೆ ಕೂತಿರುತ್ತೇನೆ.