ಎಲ್ಲ ಮೋಟಾರೂ ‘ಕಂಡಂ’ ಅಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಬಾಗಲಕೋಟೆ, ವಿಜಯಪುರದ ಜಿಲ್ಲಾ ಪುಟಗಳಲ್ಲಿ ‘ಬೋರ್‌ವೆಲ್ ಮೋಟಾರ್ ಕಂಡಂ, ಊರಿಗೆ ನೀರಿಲ್ಲ’ ಎಂಬ ಧಾಟಿಯ ಸುದ್ದಿ ತಪ್ಪುವುದಿಲ್ಲ. ‘ಕಂಡಂ’ ಎಂದರೆ ಸರ್ಕಾರಿ ಕಡತದ ‘ಕಂಡೆಮ್ಡ್’ ಜನರ ಬಾಯಲ್ಲಿ ಸವೆದು ಆದ ಪದ. ಪರಿಶೀಲಿಸಿ, ಇನ್ನು ದುರಸ್ತಿಯಾಗದು, ಹರಾಜಿಗೆ ಹಾಕಬಹುದು ಎಂದು ಬರೆದುಕೊಟ್ಟ ಮೇಲೆ ಬರಬೇಕಾದ ಮಾತು. ನೀರೆತ್ತದ ಮೋಟಾರಿಗೆಲ್ಲ ಅದನ್ನೇ ಅಂಟಿಸಿದರೆ ಹೊಸ ಮೋಟಾರಿನ ಬಿಲ್ಲು ತಾನಾಗಿ ತಯಾರಾಗುತ್ತದೆ. ಮೋಟಾರಿನ ತಾಮ್ರದ ಸುರುಳಿ ಸುತ್ತುವ ವೈಂಡಿಂಗ್ ಅಂಗಡಿಗಳಲ್ಲಿ ಕೆಟ್ಟ ಮೋಟಾರಿಗೆ ಮೂರು ಮಾತಿವೆ: ಜಾಮ್ ಆಗೇತಿ, ಸುಟ್ಟೈತಿ, ಕಂಡಂ ಆಗೇತಿ. ಮೂರರ ಖರ್ಚೂ ಬೇರೆ ಬೇರೆ.

ಜಾಮ್ ಆದದ್ದು ಗುಂಯ್ ಎಂದು ಸ್ಟಾರ್ಟರನ್ನು ಟ್ರಿಪ್ ಮಾಡುತ್ತದೆ, ಎಂದರೆ ತಾನಾಗಿ ಆಫ್ ಮಾಡಿಸುತ್ತದೆ. ಪಂಪನ್ನೂ ಮೋಟಾರನ್ನೂ ಬಿಡಿಸಿ ಶಾಫ್ಟನ್ನು ಕೈಯಿಂದ ತಿರುಗಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಮೋಟಾರ್ ಸಲೀಸಾಗಿ ತಿರುಗಿ ಪಂಪ್ ತಿರುಗದಿದ್ದರೆ ನೀರು ತಳ್ಳುವ ಚಕ್ರವಾದ ಇಂಪೆಲ್ಲರಿನಲ್ಲಿ ಮರಳೋ ಸುಣ್ಣವೋ ಕೂತಿದೆ, ಮೋಟಾರಿನ ತಪ್ಪಿಲ್ಲ. ಮೋಟಾರೇ ಬಿಗಿದಿದ್ದರೆ ಶಾಫ್ಟಿನ ಭಾರ ಹೊರುವ ಥ್ರಸ್ಟ್ ಬೇರಿಂಗ್, ಅದನ್ನು ನೇರವಾಗಿ ಹಿಡಿಯುವ ಬುಷ್ ನೋಡಬೇಕು. ನೀರು ತುಂಬುವ ಮೋಟಾರಿನಲ್ಲಿ ಇವಕ್ಕೆ ನೀರೇ ಎಣ್ಣೆ. ಒಳಗೆ ಶುದ್ಧ ನೀರು ತುಂಬದೆ ಇಳಿಸಿದರೆ, ಬೋರ್ ಬತ್ತಿದ ಮೇಲೂ ಓಡಿಸಿದರೆ, ಮೊದಲು ಹೋಗುವುದು ಇವೇ.

‘ಸುಟ್ಟೈತಿ’ ಎಂಬುದರಲ್ಲೇ ಹೆಚ್ಚು ಮೋಸ. ಎತ್ತುವ ಮೊದಲು ಸ್ಟಾರ್ಟರಿನಿಂದ ಕೇಬಲ್ ಬಿಡಿಸಿ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಚ್ಚಿ ನೋಡಬೇಕು. ಅರ್ತ್‌ಗೆ 1 ಮೆಗಾಓಮ್‌ಗಿಂತ ಕಡಿಮೆ ತೋರಿದರೆ ವೈಂಡಿಂಗೇ ಹೋಗಿದೆ ಎಂದು ತಿಳಿಯಬಾರದು, ಕೇಬಲ್ ಜಾಯಿಂಟಿಗೆ ನೀರು ಇಳಿದಿದ್ದರೂ ಹಾಗೇ ತೋರುತ್ತದೆ. ಎತ್ತಿದ ಮೇಲೆ ಜಾಯಿಂಟ್ ಕತ್ತರಿಸಿ ಮೋಟಾರಿನ ವಯರಿಗೇ ಮತ್ತೆ ಹಚ್ಚಬೇಕು. ಈಗ ರೀಡಿಂಗ್ ಚೆನ್ನಾಗಿ ಬಂದು, ಮೂರು ವಯರುಗಳ ನಡುವಿನ ರೆಸಿಸ್ಟೆನ್ಸೂ ಸಮವಿದ್ದರೆ ಹೊಸ ಜಾಯಿಂಟ್ ಸಾಕು.

ನಿಜವಾಗಿ ಸುಟ್ಟಿದ್ದರೆ ಕಾರಣವನ್ನು ವೈಂಡಿಂಗಿನ ಬಣ್ಣವೇ ಹೇಳುತ್ತದೆ. ಮೂರು ಫೇಸಿನ ಸುರುಳಿಗಳ ಒಂದೊಂದು ತುದಿ ಒಟ್ಟಿಗೆ ಸೇರಿಸಿದ ಸ್ಟಾರ್ ಕನೆಕ್ಷನ್ನಿನಲ್ಲಿ ಎರಡು ಫೇಸ್ ಕಪ್ಪಾಗಿ ಒಂದು ಹೊಸದರಂತೆ ಉಳಿದಿದ್ದರೆ ಲೈನಿನಲ್ಲಿ ಒಂದು ಫೇಸ್ ಹೋಗಿತ್ತು. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ಲೋ ವೋಲ್ಟೇಜ್. ಕಾರಣ ಸರಿಪಡಿಸದೆ ಹೊಸ ಮೋಟಾರ್ ಇಳಿಸಿದರೆ ಅದಕ್ಕೂ ಅದೇ ಗತಿ. ಮೋಟಾರ್ ಎಷ್ಟು ಆಂಪಿಯರ್ ಎಳೆಯಬೇಕೆಂಬುದು ಅದರ ನೇಮ್‌ಪ್ಲೇಟಿನಲ್ಲಿರುತ್ತದೆ. ಹೆಚ್ಚು ಕರೆಂಟ್ ಎಳೆದರೆ ಸ್ಟಾರ್ಟರನ್ನು ಆಫ್ ಮಾಡುವ ರಿಲೇಯನ್ನು ಅಷ್ಟಕ್ಕೇ ಇಡಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದಕ್ಕಿಂತ ಬಹಳ ಮೇಲಕ್ಕೆ ತಿರುಗಿಸಿಟ್ಟ ರಿಲೇ, ಇದ್ದೂ ಇಲ್ಲದಂತೆಯೇ.

ವೈಂಡಿಂಗ್ ಮಾತ್ರ ಸುಟ್ಟದ್ದು ರಿವೈಂಡಿಂಗ್‌ಗೆ (ಹೊಸ ವಯರ್ ಸುತ್ತಲು) ಬರುತ್ತದೆ, ಕಂಡಂ ಆಗುವುದಿಲ್ಲ. ನೀರು ತುಂಬುವ ಮೋಟಾರಿನ ವಯರಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಒಂದು ಬದಿ ಕತ್ತರಿಸಿ ಎಳೆದರೆ ಹೊರಬರುತ್ತದೆ. ಬೋರಿನ ಹೊರಗೆ ಕೂರುವ, ವಾರ್ನಿಶ್ ಹಾಕಿದ ಮೋಟಾರುಗಳನ್ನು ಕೆಲವರು ಬೆಂಕಿಗೆ ಹಾಕಿ ವಯರ್ ತೆಗೆಯುತ್ತಾರೆ. ಉರಿ ಹೆಚ್ಚಾದರೆ ವಯರ್ ಸುತ್ತುವ ಸ್ಟಾಂಪಿಂಗ್ ತಗಡುಗಳ ನಡುವಿನ ಇನ್ಸುಲೇಷನ್ ಹೋಗಿ ಮುಂದೆ ಮೋಟಾರ್ ಸುಮ್ಮನೆ ಬಿಸಿಯಾಗುತ್ತದೆ.

ನಿಜವಾದ ಕಂಡಂ ಎಂದರೆ ಸ್ಟಾಂಪಿಂಗ್ ಹಲ್ಲುಗಳೇ ಕರಗಿರುವುದು, ಒಳಗೆ ತಿರುಗುವ ರೋಟರಿನ ಬಾರ್ (ಲೋಹದ ಪಟ್ಟಿ) ಬಿಟ್ಟಿರುವುದು, ಬಾಡಿ ತುಕ್ಕು ತಿಂದು ತೂತಾಗಿರುವುದು.

ಆದ್ದರಿಂದ ಪಂಚಾಯಿತಿ ಎಂಜಿನಿಯರುಗಳು ‘ಕಂಡಂ’ ಎಂದು ಬರೆಯುವ ಮೊದಲು ಮೆಗ್ಗರ್ ರೀಡಿಂಗ್, ಮೂರು ಫೇಸಿನ ರೆಸಿಸ್ಟೆನ್ಸ್, ಕೆಟ್ಟ ಭಾಗದ ಹೆಸರು ವರದಿಯಲ್ಲಿ ನಮೂದಿಸಲಿ. ವರದಿಗಾರರೂ ಅದನ್ನೇ ಕೇಳಲಿ. ವಿಲೇವಾರಿ ಮಾಡುವಾಗ ತಾಮ್ರದ ತೂಕ ಬೇರೆ, ಕಬ್ಬಿಣದ ತೂಕ ಬೇರೆ ಬರೆಯಲಿ. ನಮ್ಮ ಕಡೆ ಗುಜರಿಗೆ ‘ಭಂಗಾರ’ ಎನ್ನುತ್ತಾರೆ. ಇಡೀ ಮೋಟಾರನ್ನು ಕಬ್ಬಿಣದ ದರದಲ್ಲಿ ತೂಗಿಸಿಕೊಂಡವನಿಗೆ ಅದು ಮಹಾಪ್ರಾಣವಿಲ್ಲದ ಬಂಗಾರವೇ.

— ಮೋಟಾರ್ ವೈಂಡಿಂಗ್ ಮಿಸ್ತ್ರಿಗಳು, ಬಾಗಲಕೋಟೆ